ಹೊರಗಿನವರ ದುಡ್ಡು

"ಆ ಸಾಲು ಹೊಡೆದುಹಾಕು" ಎಂದಳು ಅಕ್ಕ, ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡದೆ.

ತಮ್ಮನ ಮಗಳು ಓದುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅಪ್ಪನ ಕಂಪನಿಗೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಅದರ ಚರಿತ್ರೆಯನ್ನು ಪುಟ್ಟ ಪುಸ್ತಕ ಮಾಡಿ ಅಚ್ಚು ಹಾಕಿಸುವ ಹುಮ್ಮಸ್ಸು ಅವಳದು. ಕಂಪನಿ ಹುಟ್ಟಿದ್ದು ಅತ್ತೆಯ ಈ ಹೊಲಿಗೆ ಅಂಗಡಿಯಲ್ಲೇ ಆದ್ದರಿಂದ, ಅಚ್ಚಿಗೆ ಹೋಗುವ ಮೊದಲು ಅತ್ತೆಯ ಕಿವಿಗೆ ಬೀಳಲಿ ಎಂದು ಅಪ್ಪನನ್ನೂ ಹೊರಡಿಸಿಕೊಂಡು ಬಂದಿದ್ದಳು.

ಅಲ್ಲಿಯತನಕ ಎಲ್ಲ ಸೊಗಸಾಗಿಯೇ ಸಾಗಿತ್ತು. ಅಳತೆ ನೋಡುವ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಎರಡು ಫೋನು ಇಟ್ಟುಕೊಂಡು ತಮ್ಮನು ಷೇರು ವ್ಯಾಪಾರ ಶುರುಮಾಡಿದ್ದು, ಒಳಗಿನಿಂದ ಅವನು "ಮಾರು, ಮಾರು, ಎಷ್ಟಕ್ಕಾದ್ರೂ ಮಾರು!" ಎಂದು ಅರಚಿದ್ದನ್ನು ಕೇಳಿ ಗಿರಾಕಿ ಹೆಂಗಸೊಬ್ಬಳು ಅರ್ಧ ಹೊಲಿದ ಕೋಟನ್ನು ಹಿಡಿದು "ಹಾಗಾದ್ರೆ ಎಷ್ಟಕ್ಕೆ ಕೊಡ್ತೀರಿ?" ಎಂದು ನಿಂತದ್ದು, ಎಲ್ಲ ಅದರಲ್ಲಿತ್ತು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಮೇಲೆ ಆ ಸಾಲು ಬಂತು: 'ನಾವು ನಮ್ಮ ದುಡ್ಡಿನಲ್ಲೇ ಕೊಳ್ಳುತ್ತೇವೆ, ಮಾರುತ್ತೇವೆ. ಮೊದಲ ದಿನದಿಂದ ಇಂದಿನವರೆಗೆ ಹೊರಗಿನವರ ಒಂದು ಕಾಸನ್ನೂ ಮುಟ್ಟಿಲ್ಲ.'

"ಸುಳ್ಳೇನಲ್ವಲ್ಲ ಅತ್ತೆ?"

"ಸುಳ್ಳಲ್ಲ. ಮೂರು ವರ್ಷ ಹೊಲಿದು ಕೂಡಿಟ್ಟಿದ್ದನ್ನ ಲಕೋಟೆಗೆ ಹಾಕಿ, ವ್ಯಾಪಾರಕ್ಕಿರ್ಲಿ ಅಂತ ಇವನ ಕೈಗೆ ಕೊಟ್ಟೆ. ಸಂಜೆ ಹಾಗೇ ವಾಪಸ್ ತಂದು ಮೇಜಿನ ಮೇಲಿಟ್ಟ. ಅಂಟು ಕೂಡ ಬಿಚ್ಚಿರ್ಲಿಲ್ಲ. ಇರ್ಲಿ, ನನ್ನ ಚಿಲ್ಲರೆ ಇವನ ಕಣ್ಣಿಗೆ ಕಾಣಲಿಲ್ಲ ಅಂದ್ಕೊಂಡು ಸುಮ್ಮನಾದೆ. ಈಗ ಪುಸ್ತಕದಲ್ಲಿ ನೋಡಿದ್ರೆ ನಾನು ಹೊರಗಿನವಳು!"

ಇಪ್ಪತ್ತು ವರ್ಷ ಯಾರ ಮುಂದೆಯೂ ಬಾಯಿಬಿಡದ ಮಾತು. ಆಡಿದ ಮೇಲೆ ಅವಳಿಗೇ ನಾಚಿಕೆಯಾಯಿತು. ತಲೆತಗ್ಗಿಸಿ ಬಟ್ಟೆ ಕತ್ತರಿಸತೊಡಗಿದಳು, ಗೆರೆ ಸೊಟ್ಟಗಾಯಿತು.

ಕುರ್ಚಿಯನ್ನು ಎಳೆದುಕೊಂಡು ತಮ್ಮ ಅವಳ ಹತ್ತಿರ ಬಂದ. "ಅಕ್ಕ, ನನ್ನ ಕೆಲಸದಲ್ಲಿ ಕಲಿಯೋದು ಒಂದೇ. ಕೈಸುಟ್ಟಿತು ಅಂತ ಗೊತ್ತಾದ ಗಳಿಗೇಲೇ ಮಾರಿ ಎದ್ದುಬಿಡ್ಬೇಕು. ನನ್ನ ದುಡ್ಡಾದ್ರೆ ಹಾಳಾಗ್ಹೋಗ್ಲಿ ಅಂತ ಎದ್ದೇಳ್ತೀನಿ. ನಿನ್ನ ದುಡ್ಡಾಗಿದ್ರೆ? ನೀನು ರಾತ್ರಿಯೆಲ್ಲಾ ಪೆಡಲು ತುಳಿದಿದ್ದು ನೆನಪಾಗೋದು. ಇನ್ನೇನು ಬೆಲೆ ಏರುತ್ತೆ, ಈಗ ಏರುತ್ತೆ ಅಂತ ಕಾಯ್ತಾ ಕೂತು ಪೂರ್ತಿ ಮುಳುಗ್ತಿದ್ದೆ. ಯಾರ ದುಡ್ಡೂ ಬೇಡ ಅನ್ನೋ ನಿಯಮ ಹುಟ್ಟಿದ್ದೇ ಆ ಲಕೋಟೆಯಿಂದ ಕಣೆ. ಅಕ್ಕನದ್ದನ್ನೇ ಒಲ್ಲೆ ಅಂದವನು ಮಿಕ್ಕವರ ಹತ್ರ ಯಾವ ಮುಖ ಇಟ್ಕೊಂಡು ತಗೊಳ್ಳಲಿ?"

"ಇದನ್ನ ಅವತ್ತೇ ಹೇಳೋಕೆ ನಿನ್ನ ಬಾಯಿಗೆ ನಾನೇನು ಹೊಲಿಗೆ ಹಾಕಿದ್ನಾ?"

"ಅವತ್ತು ನನಗೇ ಗೊತ್ತಿರ್ಲಿಲ್ಲ. ಹೆದರಿಕೆ ಆಯ್ತು, ತಂದಿಟ್ಟೆ, ಅಷ್ಟೇ."

ಮಗಳು ಆ ಸಾಲನ್ನು ಹೊಡೆದುಹಾಕಿ, ಬೇರೇನೋ ಬರೆಯತೊಡಗಿದ್ದಳು. "ಅತ್ತೆ, ಆ ಲಕೋಟೆ ದುಡ್ಡು ಆಮೇಲೆ ಏನಾಯ್ತು?"

ಅಕ್ಕ ಸೊಟ್ಟಗೆ ಕತ್ತರಿಸಿದ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಹಿಂದೆ ಅವಳ ಮುಖ ಕಾಣಲಿಲ್ಲ, ದನಿಯಲ್ಲಿ ಮಾತ್ರ ನಗು ಇತ್ತು.

"ಇವನ ಮೇಲಿನ ಸಿಟ್ಟಿಗೆ ಮಾರನೇ ದಿನಾನೇ ಎರಡನೇ ಮೆಷಿನ್ ತಂದೆ. ಅದಕ್ಕೊಬ್ಬಳನ್ನ ಕೆಲಸಕ್ಕಿಟ್ಟೆ. ಈಗ ಒಂಬತ್ತು ಜನ ಇದ್ದಾರೆ. ನಾಳೆ ಈ ಅಂಗಡಿ ಚರಿತ್ರೆ ಬರೆಯೋಕೆ ಕೂತ್ಯೋ, ಮೊದಲನೇ ಪುಟದಲ್ಲೇ ಇವನ ಹೆಸರು ಹಾಕ್ಬೇಕಾಗುತ್ತಲ್ಲೇ, ದರಿದ್ರದ್ದು!"