ನಮ್ಮ ಮ್ಯಾನೇಜರು ಸರಿಯಿಲ್ಲ

ಶರ್ಟು ಹೊಲಿಯುವ ಆ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದ ಮೇಲೆ ಕೆಲಸ ಒಂದೂವರೆ ಪಟ್ಟು ಹೆಚ್ಚಿತ್ತು. ಅದರ ಗುಟ್ಟೇನೆಂದು ತಿಳಿಯಲು ಹೆಡ್ಡಾಫೀಸಿನ ಅಧಿಕಾರಿ ಬಂದರು. ಮ್ಯಾನೇಜರನ್ನು ಹೊರಗೆ ಕಳಿಸಿ, ಹೊಲಿಯುವ ಹೆಂಗಸರನ್ನು ಎದುರಿಗೆ ಕೂರಿಸಿಕೊಂಡರು.

"ಹೆದರದೆ ಹೇಳಿ. ನಿಮ್ಮ ಮ್ಯಾನೇಜರು ಹೇಗೆ?"

ಎಲ್ಲರಿಗಿಂತ ಹಿರಿಯಳಾದ ತಿಪ್ಪಮ್ಮ ಸೆರಗು ಸರಿಮಾಡಿಕೊಂಡಳು. "ಸಿಡುಕ ಸಾರ್. ಆ ಮುಖದಲ್ಲಿ ನಗು ಕಂಡೋರಿಲ್ಲ."

"ಮಗೂಗೆ ಜ್ವರ ಅಂದ್ರೂ ರಜಾ ಕೊಡಲ್ಲ," ಎಂದಳು ಕಾಲರು ಹೊಲಿಯುವ ಮಂಗಳಗೌರಿ.

"ಮಹಾ ಜಿಪುಣ ಬೇರೆ," ಎಂದಳು ಗುಂಡಿ ಹಾಕುವ ನಸೀಮಾ. "ಒಂದು ದಿನ ನಮಗೆ ಟೀ ಕೊಡಿಸಿದೋರಲ್ಲ."

ಅಧಿಕಾರಿಗೆ ತಲೆಬುಡ ತಿಳಿಯಲಿಲ್ಲ. "ಮತ್ತೆ ಇಷ್ಟೊಂದು ಕೆಲಸ ಹೇಗೆ ಆಗ್ತಿದೆ?"

"ಏನೋ, ನಮ್ಮ ಹೊಟ್ಟೆಪಾಡು ಸಾರ್."

ಅಧಿಕಾರಿ ಹೊರಗೆ ಬಂದು ಮ್ಯಾನೇಜರನ್ನು ದುರುಗುಟ್ಟಿ ನೋಡಿದರು. "ಸಿಡುಕ, ಜಿಪುಣ ಅಂತ ಬಾಯ್ತುಂಬ ಬೈತಾರಲ್ರೀ. ಬಡ್ತಿ ಕೊಟ್ಟು ನಮ್ಮ ಇನ್ನೊಂದು ಕಾರ್ಖಾನೆಗೆ ಕಳಿಸೋಣ ಅಂತ ಬಂದಿದ್ದೆ. ನೀವು ಹೋದ್ರೆ ಅಲ್ಲಿ ಮುಷ್ಕರಾನೇ ಆಗುತ್ತೆ. ಇಲ್ಲೇ ಬಿದ್ದಿರಿ."

ಮ್ಯಾನೇಜರು ತಲೆ ತಗ್ಗಿಸಿ ನಿಂತರು. ಅಧಿಕಾರಿಯ ಕಾರು ಗೇಟು ದಾಟಿದ ಮೇಲೆ, ದಿನದಂತೆ ಟೀ ಕೆಟಲು ಹಿಡಿದುಕೊಂಡು ಒಳಗೆ ಬಂದರು.

"ಜಿಪುಣ ಅಂದಿದ್ದು ಯಾರು?"

ನಸೀಮಾ ಲೋಟ ಮುಂದಕ್ಕೆ ಚಾಚಿದಳು. "ನೀವು ಹೇಳ್ಕೊಟ್ಟಿದ್ದು ಎರಡೇ ಬೈಗುಳ ಸಾರ್. ಸಾಲದೇನೋ ಅಂತ ಮೂರನೇದು ನಾನೇ ಸೇರಿಸಿದೆ."