ಭಯದ ವಂತಿಗೆ

ಆಟ ಕಟ್ಟುವವರಿಗೆ ಈಗ ಜನ ಹಣದ ಬದಲು ತಮ್ಮ ಭಯವನ್ನೇ ವಂತಿಗೆ ಕೊಡುತ್ತಿದ್ದರು. ಕೊಟ್ಟ ಭಯ ಕೊಟ್ಟವರಿಗೆ ಮರಳುತ್ತಿರಲಿಲ್ಲ. ಹುಬ್ಬಳ್ಳಿಯ ಕಸ್ತೂರಿ ಒಬ್ಬಳೇ ಕಟ್ಟುತ್ತಿದ್ದ ಪುಟ್ಟ ಸಾಹಸದ ವಿಡಿಯೊ ಗೇಮಿಗೆ ಕತ್ತಲಿನ ಭಯ, ಹಾವಿನ ಭಯ ಎಲ್ಲ ಹಾಗೆಯೇ ಬಂದಿದ್ದವು. ಕಡೆಯ ಪ್ರಪಾತ ಮಾತ್ರ ಸಪ್ಪೆಯಾಗಿ ಉಳಿದಿತ್ತು. ಎತ್ತರದ ಭಯವನ್ನು ಯಾರೂ ಕೊಟ್ಟಿರಲಿಲ್ಲ. ಬಟ್ಟೆ ಒಣಹಾಕಲೂ ಒಂಬತ್ತನೆಯ ಮಹಡಿಯ ತಮ್ಮ ಬಾಲ್ಕನಿಗೆ ಕಾಲಿಡದ ಗಂಡ ಫಕೀರೇಶನೆದುರು ಅವಳು ವಾರವಿಡೀ ಅದನ್ನೇ ಗೊಣಗಿದ್ದಳು.

ಇಂದು ಸಂಜೆ ಪರದೆಯ ಮೇಲಿನ ಪ್ರಪಾತ ಇದ್ದಕ್ಕಿದ್ದಂತೆ ಬಾಯ್ತೆರೆಯಿತು. ನೋಡುತ್ತಲೇ ಕಸ್ತೂರಿಯ ಎದೆ ಝಲ್ಲೆಂದಿತು.

"ರೀ, ಯಾರೋ ಪುಣ್ಯಾತ್ಮರು ಕೊಟ್ಟಾರ ನೋಡ್ರಿ!"

"ನಾನ ಕೊಟ್ಟೀನಿ. ಇನ್ನಾದ್ರೂ ನಿನ್ನ ಆಟ ಮುಗೀಲಿ," ಎಂದು ಫಕೀರೇಶ ನಕ್ಕ.

ದನಿ ಬಾಲ್ಕನಿಯ ಕಂಬಿಯ ಆಚೆಯಿಂದ ಬಂತು.