ಹದಿನೇಳನೆಯ ಕೊಳವೆ

ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದಿಗೆ ಪ್ರಯೋಗಾಲಯದ ಮುಖ್ಯಸ್ಥೆ ತಿರುಗಿದಳು. ಮೈದುನನ ಕೈಯಲ್ಲಿ ಮತ್ತೆ ಅದೇ ರಕ್ತದ ಕೊಳವೆ. ಹದಿನೇಳು.

"ನಿನ್ನೆ ತಾನೇ ನೋಡಿದ್ಯಲ್ಲ ಅದನ್ನ?"

"ಇನ್ನೊಂದ್ ಸಲ ನೋಡ್ತೀನಿ, ಮೇಡಂ."

ಮನೆಯಲ್ಲಿ ಅತ್ತಿಗೆ, ಇಲ್ಲಿ ಮೇಡಂ. ಅವಳೇ ಹಾಕಿದ ಕಟ್ಟಳೆ.

ಹೃದಯದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿ ಕೂರುವ ಪರಾವಲಂಬಿಯೊಂದನ್ನು ಹಿಡಿಯಲು ಎರಡು ಪರೀಕ್ಷೆಗಳಿದ್ದವು. ಅವಳು ನೆಚ್ಚಿದ ಸೂಕ್ಷ್ಮದರ್ಶಕ. ಅವನು ಹಟ ಹಿಡಿದು ತರಿಸಿದ, ಎರಡು ಗೆರೆ ಮೂಡಿದರೆ ರೋಗವೆನ್ನುವ ಹೊಸ ಕಾರ್ಡು. ಯಾವುದು ಮೇಲೆಂದು ತಿಳಿಯಲು ರೋಗಿಗಳ ಕೊಳವೆಗಳ ನಡುವೆ ಆರೋಗ್ಯವಂತರದ್ದನ್ನೂ ಇಟ್ಟಿದ್ದರು. ಅದಕ್ಕಾಗಿ ಊರೆಲ್ಲ ಅಲೆಯುವುದೇಕೆಂದು ಪ್ರಯೋಗಾಲಯದವರೇ ಒಬ್ಬರೂ ಬಿಡದೆ ಸಾಲಾಗಿ ತೋಳು ಚಾಚಿದ್ದರು. ಯಾವ ಸಂಖ್ಯೆ ಯಾರದೆಂಬುದು ಚೀಟಿ ಅಂಟಿಸಿದ ಅವನೊಬ್ಬನಿಗೇ ಗೊತ್ತು.

ಹದಿನೇಳು ಆರೋಗ್ಯವಂತರದೆಂದು ಅವನೇ ಒಪ್ಪಿದ್ದ. ಸೂಕ್ಷ್ಮದರ್ಶಕದಲ್ಲಿ ಏನೂ ಇಲ್ಲ. ಕಾರ್ಡಿನಲ್ಲಿ ಎರಡು ಗೆರೆ. ಅಂದರೆ ಕಾರ್ಡು ಸುಳ್ಳು. ಅದನ್ನು ಮುಚ್ಚಿಹಾಕಲು, ಒಂದೇ ಗೆರೆ ಬರುವವರೆಗೂ ಪರೀಕ್ಷಿಸುತ್ತಿದ್ದಾನೆ. ಹೆತ್ತವರಿಗೆ ಹೆಗ್ಗಣ ಮುದ್ದು!

ಮಧ್ಯಾಹ್ನ ಅವನು ಫೋನು ಹಿಡಿದು ಕೆಳಗಿಳಿದ. ಅವಳೂ ಹಿಂಬಾಲಿಸಿದಳು.

"ಸಂಜೆ ಕಾರ್ ತಗೊಂಡ್ ಬಾ. ಅವ್ರಿಗೆ ಮಾತ್ರ ಸುಳಿವು ಕೊಡ್ಬೇಡ."

ಕಾರ್ಡಿನ ಕಂಪನಿಯವನೇ ಇರಬೇಕು. ಮೆಟ್ಟಿಲು ಹತ್ತಿ ಮರಳುವಷ್ಟರಲ್ಲಿ ಅವಳಿಗೆ ಏದುಸಿರು, ಎದೆ ಡವಡವ. ಈಚೆಗೆ ಸಿಟ್ಟು ಬಂದರೆ ಹೀಗೆಯೇ. ಸ್ವಂತ ಮೈದುನನನ್ನು ಕೆಲಸದಿಂದ ತೆಗೆದರೆ ಮನೆಯಲ್ಲಿ ಯಾವ ಮುಖ ಹೊತ್ತು ಊಟಕ್ಕೆ ಕೂರುವುದು? ಆದರೂ ಸಂಜೆ ಎಲ್ಲರೂ ಹೋದ ಮೇಲೆ ಕರೆದಳು.

"ಕಾರ್ಡು ಸುಳ್ಳು ಹೇಳ್ತು ಅಂತ ಒಪ್ಕೋ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಅವನ ಕಣ್ಣು ಕೆಂಪಾಗಿತ್ತು. "ಸುಳ್ಳಾಗ್ಲಿ ಅಂತಾನೇ ಮತ್ತೆ ಮತ್ತೆ ನೋಡ್ದೆ. ಬೇರೆ ಲ್ಯಾಬಿಗೂ ಕಳಿಸ್ದೆ. ಅಲ್ಲೂ ಅದೇ ಬಂತು."

"ನಾಟಕ ಸಾಕು. ಯಾರದ್ದು ಅದು? ಕರೆಸು ಅವರನ್ನ."

ಅವನು ಕುರ್ಚಿಯೊಂದನ್ನು ಅವಳ ಕಡೆಗೆ ಎಳೆದ.

"ಕೂತ್ಕೊಳ್ಳಿ, ಅತ್ತಿಗೆ. ಹದಿನೇಳು ನಿಮ್ಮದೇ. ಅಣ್ಣ ಕೆಳಗೆ ಕಾರಲ್ಲಿ ಕಾಯ್ತಿದ್ದಾನೆ."